ಸಂಜೆಗೆ ನೀವು ಎಷ್ಟು ಕುಳ್ಳಗಾಗುತ್ತೀರಿ? ಅಳೆದು ನೋಡಿ

ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಸಂಜೆ ತೋಟದಿಂದ ಬಂದವರದೆಲ್ಲ ಒಂದೇ ಮಾತು: ಸೊಂಟ ಬಿದ್ದುಹೋಯಿತು. ಸೊಂಟ ಬೀಳುವುದಿಲ್ಲ, ಆದರೆ ಆಳು ಮಾತ್ರ ಬೆಳಗಿಗಿಂತ ನಿಜಕ್ಕೂ ತುಸು ಕುಳ್ಳಗಾಗಿರುತ್ತಾನೆ. ಭುಜದಂತೆ ಧಾರಾಳವಾಗಿ ಆಡದ, ತಲೆಬುರುಡೆಯ ಹೊಲಿಗೆಗಳಂತೆ ಬಿಗಿದೂ ಕೂರದ ಅಲ್ಪಚಲನೆಯ ಕೀಲುಗಳ ಕೆಲಸವಿದು. ಮನೆಯಲ್ಲೇ ಪರೀಕ್ಷಿಸಬಹುದು.

ಹಾಸಿಗೆಯಿಂದ ಎದ್ದೊಡನೆ ಬರಿಗಾಲಲ್ಲಿ ಬಾಗಿಲ ಚೌಕಟ್ಟಿಗೆ ಹಿಮ್ಮಡಿ, ಬೆನ್ನು ತಾಗಿಸಿ ನೆಟ್ಟಗೆ ನಿಲ್ಲಿ. (ಗೋಡೆ ಬೇಡ, ನಮ್ಮ ಮಳೆಗಾಲದ ಗೋಡೆಗೆ ಪೆನ್ಸಿಲ್ ಹತ್ತುವುದಿಲ್ಲ.) ನೆತ್ತಿಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಮಟ್ಟಸವಾಗಿಟ್ಟು, ಅದರ ಕೆಳ ಅಂಚಿಗೆ ಇನ್ನೊಬ್ಬರಿಂದ ಗೆರೆ ಎಳೆಸಿ. ಬೆಲ್ಲದ ಕಾಫಿ ಆಮೇಲೆ. ಎತ್ತರದ ಇಳಿತ ಹೆಚ್ಚಾಗಿ ಎದ್ದ ಮೊದಲ ಒಂದೆರಡು ಗಂಟೆಗಳಲ್ಲೇ ಆಗಿಬಿಡುತ್ತದೆ. ರಾತ್ರಿ ಮಲಗುವ ಮುನ್ನ ಅದೇ ಜಾಗದಲ್ಲಿ, ಅದೇ ಪುಸ್ತಕದಿಂದ ಮತ್ತೆ ಗೆರೆ ಹಾಕಿಸಿ. ಸಾಮಾನ್ಯವಾಗಿ 1ರಿಂದ 2 ಸೆಂಟಿಮೀಟರ್ ಕೆಳಗೆ ಬೀಳುತ್ತದೆ.

ಬೆನ್ನುಮೂಳೆಯ ಮಣಿಗಳ ನಡುವೆ 23 ಡಿಸ್ಕ್‌ಗಳಿವೆ. ಒಂದೊಂದರಲ್ಲೂ ನಡುವೆ ನೀರು ತುಂಬಿದ ಲೋಳೆಯಂಥ ತಿರುಳು, ಸುತ್ತ ನಾರಿನ ಬಳೆಗಳು. ದಿನವಿಡೀ ಮೈಭಾರ, ಮೇಲೆ ಕಾಫಿ ಚೀಲದ ಭಾರ ಬಿದ್ದು ನೀರು ಸ್ವಲ್ಪ ಸ್ವಲ್ಪವೇ ಹಿಂಡಿಹೋಗುತ್ತದೆ. ಮಲಗಿದಾಗ ಡಿಸ್ಕ್ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಎರಡು ಮಣಿಗಳ ನಡುವಿನ ಬಾಗು ಕೆಲವೇ ಡಿಗ್ರಿ. ಅಷ್ಟಷ್ಟೇ ಕೂಡಿದ್ದರಿಂದ ನೆಲಕ್ಕುದುರಿದ ಹಣ್ಣನ್ನು ಬಗ್ಗಿ ಹೆಕ್ಕಲು ಆಗುವುದು.

ಎದೆಯಲ್ಲೂ ಇಂಥದೇ ಅಲ್ಪಚಲನೆಯ ಕೀಲು ಒಂದಿದೆ. ಗಂಟಲ ಕುಳಿಯಿಂದ ಬೆರಳನ್ನು ಸುಮಾರು ಎರಡು ಅಂಗುಲ ಕೆಳಗೆ ಜಾರಿಸಿ. ಅಡ್ಡಕ್ಕೆ ಒಂದು ಏಣು ತಗುಲುತ್ತದೆ. ಎದೆಮೂಳೆಯ ಎರಡು ತುಂಡುಗಳು ಮೃದ್ವಸ್ಥಿಯಿಂದ ಕೂಡಿದ ಜಾಗವದು. ಅದರ ಅಕ್ಕಪಕ್ಕದಲ್ಲಿರುವುದು ಎರಡನೆಯ ಪಕ್ಕೆಲುಬು, ವೈದ್ಯರು ಪಕ್ಕೆಲುಬು ಎಣಿಸುವುದು ಇಲ್ಲಿಂದಲೇ. ಉಸಿರೆಳೆದಾಗ ತುಸುವೇ ಮಡಚುತ್ತದೆ. ಬೆರಳಿಗೆ ಗೊತ್ತಾಗಲಿಲ್ಲವೆಂದು ಬೇಸರ ಬೇಡ.

ಇನ್ನು ಕಾಲು. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡುವವರಿಗೆ ಇದು ಬೇಕಾದ ವಿಷಯ. ಪಾದದ ಗಂಟಿನ ಸ್ವಲ್ಪ ಮೇಲೆ ಕಾಲಿನ ಎರಡು ಮೂಳೆಗಳನ್ನು ಅಸ್ಥಿರಜ್ಜುಗಳು ಬಿಗಿದು ಕಟ್ಟಿವೆ. ಪಾದವನ್ನು ಮೇಲಕ್ಕೆ ಎಳೆದಾಗ ಆ ಮೂಳೆಗಳು ಅಗಲುವುದು ಮಿಲಿಮೀಟರ್ ಲೆಕ್ಕದಲ್ಲಿ. ಊರಿದ ಪಾದ ಹೊರಕ್ಕೆ ತಿರುಚಿದರೆ ಈ ಕಟ್ಟು ಹರಿಯಬಹುದು. ಮಾಮೂಲಿ ಉಳುಕಿಗಿಂತ ಇದು ವಾಸಿಯಾಗಲು ಹೆಚ್ಚು ದಿನ ಬೇಕು. ಮೊಣಕಾಲಿನ ಕೆಳಗೆ ಎರಡೂ ಮೂಳೆಗಳನ್ನು ಅದುಮಿದಾಗ ನೋವು ಪಾದದ ಗಂಟಿನ ಮೇಲ್ಗಡೆ ಕಾಣಿಸಿಕೊಂಡರೆ ಎಣ್ಣೆ ಹಚ್ಚಿ ನೀವುವುದು ಬೇಡ, ಕಾಲೂರದೆ ವೈದ್ಯರಲ್ಲಿಗೆ ಹೋಗಿ.