ಮದುವೆ ಡಿವಿಡಿ ಕಣ್ಣು ಮುಚ್ಚುವ ಮೊದಲು: ಮನೆಯ ಫೋಟೊ, ವಿಡಿಯೊ, ಬರಹ ಉಳಿಸಿಕೊಳ್ಳುವುದು ಹೇಗೆ?

ಅಕ್ಕನ ಮದುವೆ ಆಗಿದ್ದು 2007ರಲ್ಲಿ. ಅದರ ಡಿವಿಡಿಯನ್ನು ಅಮ್ಮ ಧಾರೆ ಸೀರೆಯ ಮಡಿಕೆಯೊಳಗೆ ಸೇರಿಸಿ, ಪಕ್ಕದಲ್ಲಿ ಎರಡು ನುಸಿಗುಳಿಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದರು. ಹೋದ ವರ್ಷ ಅಕ್ಕನ ಮಗಳು ನೋಡಲೇಬೇಕು ಅಂತ ಹಟ ಹಿಡಿದಾಗ ಹೊರಗೆ ತೆಗೆದೆವು. ಕಾಶಿಯಾತ್ರೆವರೆಗೆ ಚೆನ್ನಾಗಿಯೇ ಓಡಿತು. ಆಮೇಲೆ ಡ್ರೈವ್ ಕಿರ್ ಕಿರ್ ಅಂತ ಒದ್ದಾಡಿತು, ಭಾವ ಛತ್ರಿ ಹಿಡಿದು ನಿಂತಲ್ಲೇ ನಿಂತುಬಿಟ್ಟರು. ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಅಂಚಿನಲ್ಲಿ ಸೂಜಿ ಚುಚ್ಚಿದಂಥ ತೂತುಗಳು. ಡಿಸ್ಕ್ ಬರೆಯುವುದು ಒಳಗಿನಿಂದ ಹೊರಕ್ಕೆ. ಹಾಗಾಗಿ ಅಂಚು ಕೆಟ್ಟರೆ ಮದುವೆಯ ದ್ವಿತೀಯಾರ್ಧ ಹೋಯಿತು ಅಂತಲೇ ಲೆಕ್ಕ.

ಅದೇ ಬೀರುವಿನಲ್ಲಿದ್ದ ಅಜ್ಜನ ಕಪ್ಪು-ಬಿಳುಪು ಫೋಟೊಗೆ ಏನೂ ಆಗಿಲ್ಲ! ಕಾಗದವನ್ನು ಇಟ್ಟು ಮರೆತರೂ ನಡೆಯುತ್ತದೆ, ಡಿಜಿಟಲ್ ವಸ್ತುವನ್ನು ಮರೆಯುವ ಹಾಗಿಲ್ಲ. ಸ್ಟುಡಿಯೊದವರು ಬರೆದುಕೊಡುವ ಡಿಸ್ಕಿನಲ್ಲಿ ಒಂದು ಬಣ್ಣದ ಪದರ ಇರುತ್ತದೆ, ಸೆಕೆ, ಬೆಳಕು, ತೇವಕ್ಕೆ ಅದು ಮಾಸುತ್ತದೆ. ಪೆನ್‌ಡ್ರೈವ್ ಮತ್ತು ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ ಡ್ರೈವ್) ಮಾಹಿತಿಯನ್ನು ವಿದ್ಯುತ್ ಚಾರ್ಜ್ ರೂಪದಲ್ಲಿ ಹಿಡಿದಿಟ್ಟಿರುತ್ತವೆ. ವರ್ಷಗಟ್ಟಲೆ ಪ್ಲಗ್ ಮಾಡದೆ ಬಿಟ್ಟರೆ ಅದು ನಿಧಾನಕ್ಕೆ ಸೋರುತ್ತದೆ. ಹಾರ್ಡ್ ಡಿಸ್ಕ್ ಅಂದರೆ ಒಳಗೆ ಮೋಟಾರು, ತಿರುಗುವ ತಟ್ಟೆ. ಒಂದು ದಿನ ತಿರುಗಲ್ಲ ಅಂದರೆ ಮುಗಿಯಿತು.

ಹೊಸ ತಂತ್ರಜ್ಞಾನ ಬಂದಿಲ್ವಾ ಅಂತ ಕೇಳಬಹುದು. ಬಂದಿದೆ. ಮೈಕ್ರೋಸಾಫ್ಟ್‌ನವರು 2019ರಲ್ಲಿ 75 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಗಾಜಿನ ತುಂಡಿನೊಳಗೆ ಲೇಸರ್‌ನಿಂದ ಇಡೀ ಒಂದು ಹಾಲಿವುಡ್ ಸಿನಿಮಾ ಬರೆದು ತೋರಿಸಿದರು. 2020ರಲ್ಲಿ ಗಿಟ್‌ಹಬ್ ಕಂಪನಿ 21 ಟೆರಾಬೈಟ್ ಸಾಫ್ಟ್‌ವೇರ್ ಕೋಡನ್ನು 186 ಫಿಲ್ಮ್ ರೀಲುಗಳ ಮೇಲೆ ಅಚ್ಚು ಹಾಕಿ, ನಾರ್ವೆಯ ಸ್ವಾಲ್ಬಾರ್ಡ್‌ನ ಹಳೇ ಕಲ್ಲಿದ್ದಲು ಗಣಿಯೊಳಗೆ ಇಟ್ಟಿತು. ಸಾವಿರ ವರ್ಷದ ಮಾತು ಅದು. ನನಗೆ ಇಷ್ಟವಾಗಿದ್ದು ಒಂದೇ: ಅದನ್ನು ಓದುವುದು ಹೇಗೆ ಅಂತ ಮನುಷ್ಯರೇ ಓದಬಹುದಾದ ಅಕ್ಷರದಲ್ಲಿ ಜೊತೆಗೇ ಬರೆದಿಟ್ಟಿದ್ದಾರೆ. ನಮ್ಮ ಮನೆಗೆ ಗಣಿಯೂ ಇಲ್ಲ, ಲೇಸರೂ ಇಲ್ಲ. ಎಂ-ಡಿಸ್ಕ್ ಅನ್ನುವ ಗಟ್ಟಿ ಡಿಸ್ಕ್ ಸಿಗುತ್ತದೆ, ಅದೂ ಸಾವಿರ ವರ್ಷ ಬಾಳುತ್ತದೆ ಅಂತಾರೆ. ಆದರೆ ಈಗಲೇ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಮಾಯ ಆಗಿದೆ!

ಹಾಗಾಗಿ ಕೈಗೆ ಎಟುಕುವ ದಾರಿ ನೋಡೋಣ.

ಮೊದಲ ಕೆಲಸ, ಗುಡ್ಡೆ ಹಾಕುವುದು. ಹಳೇ ಫೋನ್, ಮೆಮೊರಿ ಕಾರ್ಡ್, ಸಿಡಿ, ಇಮೇಲ್‌ನಲ್ಲಿ ಬಿದ್ದಿರುವ ಫೋಟೊಗಳು ಎಲ್ಲ ಒಂದು ಕಡೆ ಬರಲಿ. ಸಿಡಿ, ಡಿವಿಡಿಗಳಿಗೆ ಮೊದಲ ಸರದಿ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಒಂದು ಡ್ರೈವ್ ಓದದಿದ್ದರೆ ಇನ್ನೊಬ್ಬರ ಮನೆಯ ಡ್ರೈವ್‌ನಲ್ಲಿ ಹಾಕಿ ನೋಡಿ. ನಮ್ಮ ಧಾರೆ ಸಿಕ್ಕಿದ್ದು ಚಿಕ್ಕಪ್ಪನ ಮನೆಯ ದೂಳು ಹಿಡಿದ ಡೆಸ್ಕ್‌ಟಾಪ್‌ನಲ್ಲಿ, ಅದೂ ಮಾಂಗಲ್ಯಧಾರಣೆವರೆಗೆ ಮಾತ್ರ. ನೆಂಟರ ಹತ್ತಿರ ಫೋಟೊ ಕೇಳುವಾಗ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಅಂತ ಕಳಿಸಲು ಹೇಳಿ. ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಗಾತ್ರ ಕುಗ್ಗಿಸಿ, ಗುಣಮಟ್ಟ ಇಳಿಸಿ ಕಳಿಸುತ್ತದೆ.

ಎರಡನೆಯದು ಫೈಲಿನ ನಮೂನೆ. ಫೋಟೊ ಜೆಪೆಗ್‌ನಲ್ಲಿರಲಿ, ಕಾಗದಪತ್ರ ಪಿಡಿಎಫ್-ಎ ನಮೂನೆಯಲ್ಲಿರಲಿ, ಅದು ಬಹುಕಾಲ ಉಳಿಸಲೆಂದೇ ಮಾಡಿದ ಪಿಡಿಎಫ್. ಅದರಲ್ಲಿ ಫಾಂಟು ಫೈಲಿನ ಒಳಗೇ ಕೂತಿರುತ್ತದೆ. ಕನ್ನಡದವರಿಗೆ ಇಲ್ಲಿ ಇನ್ನೊಂದು ತಲೆನೋವು ಇದೆ. ಹಳೇ ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಫೈಲಿನೊಳಗೆ ನಿಜವಾಗಿ ಇರುವುದು ಕನ್ನಡ ಅಕ್ಷರ ಅಲ್ಲವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಿಗೆ ಕನ್ನಡದ ವೇಷ ಹಾಕಿರುತ್ತಾರೆ. ಫಾಂಟು ಇಲ್ಲದ ಕಂಪ್ಯೂಟರ್‌ನಲ್ಲಿ ವೇಷ ಕಳಚುತ್ತದೆ. ನುಡಿಯಲ್ಲಿ ಬರೆದ ‘ಕನ್ನಡ’ ಅನ್ನುವ ಪದದ ನಟ್ಟನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಬಂದು ಕೂರುತ್ತದೆ, ಅದೇ ನಮ್ಮ ‘ನ’! ಅಪ್ಪ ಬರೆದಿಟ್ಟ ವಂಶವೃಕ್ಷದ ಫೈಲ್ ತೆರೆದಾಗ ನನಗೆ ಕಂಡಿದ್ದು ಎರಡು ಪುಟ ಪೌಂಡು. ಇಂಥ ಫೈಲುಗಳನ್ನು ಈಗಲೇ ಯೂನಿಕೋಡ್‌ಗೆ ತಿರುಗಿಸಿ, ಅದರಲ್ಲಿ ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಇರುತ್ತದೆ. ಹಳೇ ವೇಷದ ಪದ್ಧತಿಯನ್ನು ರೂಢಿಯಲ್ಲಿ ಆಸ್ಕಿ ಅಂತಾರೆ. ‘ಆಸ್ಕಿಯಿಂದ ಯೂನಿಕೋಡ್’ ಅಂತ ಹುಡುಕಿದರೆ ಉಚಿತ ಪರಿವರ್ತಕಗಳು ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಕಡೆಯೆಲ್ಲ ಕಣ್ಣಾಡಿಸಿ, ತಪ್ಪುಗಳು ಅಲ್ಲೇ ಜಾಸ್ತಿ. ಮೂಲ ಫೈಲನ್ನೂ ಎಸೆಯಬೇಡಿ.

ಹೆಸರಿಡುವಾಗ ವರ್ಷ ಮೊದಲು ಬರಲಿ, ‘2007-05 ಅಕ್ಕನ ಮದುವೆ’ ಅಂತ. ಫೋಲ್ಡರುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಒಳಗೊಂದು ಸಣ್ಣ ಟೆಕ್ಸ್ಟ್ ಫೈಲಿನಲ್ಲಿ ಯಾರು ಯಾರು ಇದ್ದಾರೆ ಅಂತ ಬರೆದಿಡಿ. ಅಜ್ಜಿಗೆ ನೆನಪಿರುವಾಗಲೇ ಕೇಳಿ ಬರೆದುಕೊಳ್ಳಿ.

ಈಗ ಪ್ರತಿ ಮಾಡುವುದು. ಒಟ್ಟು ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ ಅಥವಾ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಗೂಗಲ್‌ನಂಥ ಕಂಪನಿಯ ಕಂಪ್ಯೂಟರಿನಲ್ಲಿ. ಇದನ್ನು 3-2-1 ಅಂತಾರೆ. ಎರಡು ಹಾರ್ಡ್ ಡಿಸ್ಕನ್ನು ಒಂದೇ ಡ್ರಾಯರಿನಲ್ಲಿ ಇಟ್ಟರೆ ಕಳ್ಳ ಬಂದರೂ ನೀರು ನುಗ್ಗಿದರೂ ಎರಡೂ ಒಟ್ಟಿಗೇ ಹೋಗುತ್ತವೆ. ಒಂದನ್ನು ತಂಗಿಯ ಮನೆಗೆ ಕಳಿಸಿ. ಕ್ಲೌಡ್ ಒಂದನ್ನೇ ನಂಬಬೇಡಿ. 2 ವರ್ಷ ಬಳಸದ ಖಾತೆಯನ್ನು ಅಳಿಸಬಹುದು ಅನ್ನುವ ನಿಯಮವನ್ನು ಗೂಗಲ್ 2023ರಲ್ಲೇ ಪ್ರಕಟಿಸಿದೆ. ಗೂಗಲ್ ಖಾತೆಯ ಸೆಟ್ಟಿಂಗ್‌ನಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಅಂತ ಇದೆ, ಅಲ್ಲಿ ಮನೆಯವರೊಬ್ಬರ ಹೆಸರು ಕೊಡಿ. ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಕಾಗದದಲ್ಲಿ ಬರೆದು ಎಲ್‌ಐಸಿ ಬಾಂಡ್ ಇಡುವ ಫೈಲಿನಲ್ಲೇ ಇಡಿ.

ಪ್ರತಿ ಸರಿಯಾಗಿ ಬಂದಿದೆಯಾ? ಇದನ್ನು ನೋಡುವವರು ಕಡಿಮೆ. ವಿಂಡೋಸ್‌ನಲ್ಲಿ 7-ಜಿಪ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡರೆ ಫೈಲಿನ ಮೇಲೆ ರೈಟ್‌ಕ್ಲಿಕ್ ಮಾಡಿದಾಗ ಎಸ್‌ಎಚ್‌ಎ-256 ಅನ್ನುವ ಆಯ್ಕೆ ಸಿಗುತ್ತದೆ. ಒತ್ತಿದರೆ 64 ಅಂಕಿ-ಅಕ್ಷರಗಳ ಉದ್ದನೆ ಸಾಲು ಬರುತ್ತದೆ. ಫೈಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ಮೂಲ ಮತ್ತು ಪ್ರತಿ ಎರಡರದ್ದೂ ಒಂದೇ ಇರಬೇಕು. ಒಳಗೆ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಆ ಸಾಲನ್ನು ಬರೆದಿಟ್ಟುಕೊಂಡರೆ ಮುಂದಿನ ವರ್ಷವೂ ತಾಳೆ ನೋಡಬಹುದು.

ಮುಂದಿನ ವರ್ಷ ಅಂದೆ, ಯಾಕಂದರೆ ಇದು ಒಂದು ಸಲಕ್ಕೆ ಮುಗಿಯುವ ಕೆಲಸ ಅಲ್ಲ. 1905ರ ಹೊತ್ತಿಗೆ ಮೈಸೂರಿನಲ್ಲಿ ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ ಸಿಕ್ಕ ಅರ್ಥಶಾಸ್ತ್ರದ ಓಲೆಗರಿ ಕೌಟಿಲ್ಯನ ಕೈಬರಹ ಅಲ್ಲ, ಪ್ರತಿಯ ಪ್ರತಿಯ ಪ್ರತಿ. ಗರಿ ಪುಡಿಯಾಗುವ ಮೊದಲು ಯಾರೋ ಕೂತು ಇನ್ನೊಂದು ಗರಿಗೆ ಇಳಿಸುತ್ತಾ ಬಂದರು. ನಾವು ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಇಳಿಸಬೇಕು. ನಡುವೆ ವರ್ಷಕ್ಕೊಮ್ಮೆ ಪ್ಲಗ್ ಮಾಡಿ, ಹತ್ತು ಫೈಲಾದರೂ ತೆರೆದು ನೋಡಬೇಕು.

ದಿನ ನೆನಪಿರಲ್ಲ ಅಂದರೆ ಆಯುಧಪೂಜೆ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಈಗ ಸ್ಕೂಟರು, ಮಿಕ್ಸಿ, ಕುಡುಗೋಲಿನ ಸಾಲಿನಲ್ಲಿ ಎರಡು ಹಾರ್ಡ್ ಡಿಸ್ಕೂ ಕೂರುತ್ತವೆ. ಮೊದಲು ಪರೀಕ್ಷೆ, ಆಮೇಲೆ ಪೂಜೆ. ಕುಂಕುಮ ಮಾತ್ರ ಮೇಲುಗಡೆ ಹಚ್ಚಿ, ಯುಎಸ್‌ಬಿ ತೂತಿನ ಹತ್ತಿರ ಬೇಡ.