ಬೇಗಲ್ಲು ಬ್ರೆಡ್ಡಲ್ಲ

ಬೆಳಗ್ಗೆ ಏಳು ಗಂಟೆಗೆ ಮಗನ ಮನೆಯ ಅಡುಗೆಮನೆಯಲ್ಲಿ ನಡೆಯುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಸೊಸೆ ಫ್ರಿಜ್ಜಿನಿಂದ ತಣ್ಣಗಿನ ಬೇಗಲ್ಲನ್ನು, ಅಂದರೆ ನಡುವೆ ತೂತಿರುವ ಬಳೆಯಾಕಾರದ ಹಿಟ್ಟಿನ ತಿನಿಸನ್ನು, ತೆಗೆದು ಸೀಳಿ, ಆಗತಾನೇ ಹೆಚ್ಚಿದ ಸೌತೆಕಾಯಿ, ಟೊಮೇಟೊಗಳನ್ನು ಮೇಯನೇಸಿನೊಂದಿಗೆ ಕಲಸಿ ತುಂಬಿ, ಮೊಮ್ಮಗನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಾಳೆ. ಸಂಜೆ ಡಬ್ಬಿ ತೆರೆದರೆ ತಳದಲ್ಲಿ ನೀರು, ಅದರಲ್ಲಿ ನೆಂದ ಅರ್ಧ ಬೇಗಲ್ಲು, ಹುಡುಗನ ಅಂಗಿಯ ಎದೆಯ ಮೇಲೆ ಬಿಳಿಯ ಕಲೆ. ಕಚ್ಚಿದರೆ ಎಲ್ಲವೂ ಹಿಂದಿನಿಂದ ಜಾರಿಬೀಳುತ್ತದೆ ಎಂದು ಅವನು ದೂರುತ್ತಾನೆ. ಜಾರದೆ ಇನ್ನೇನಾದೀತು!

ನ್ಯೂಯಾರ್ಕಿನ ಕ್ವೀನ್ಸಿಗೆ ನಾವು ಬಂದಿಳಿದದ್ದು 1984ರಲ್ಲಿ. ಅಂಗಡಿಯ ಗಾಜಿನ ಹಿಂದೆ ಬೇಗಲ್ಲನ್ನು ಮೊದಲು ಕಂಡಾಗ, ಯಾರೋ ಕೋಡುಬಳೆಗೆ ಸೋಡಾ ಹೆಚ್ಚು ಹಾಕಿಬಿಟ್ಟಿದ್ದಾರೆ ಎಂದುಕೊಂಡಿದ್ದೆ. ಅದನ್ನು ಹೇಗೆ ತಿನ್ನಬೇಕೆಂದು ತೋರಿಸಿಕೊಟ್ಟವರು ಎದುರು ಮನೆಯಲ್ಲಿದ್ದ, ಪೋಲೆಂಡಿನಿಂದ ಬಂದ ಯಹೂದಿ ಅಜ್ಜಿ. ಅವರ ನಾಡಿನ ಕ್ರಾಕೋವ್ ನಗರದಲ್ಲಿ ಯಹೂದಿ ಸಮುದಾಯವು 1610ರಲ್ಲಿ ಮಾಡಿಕೊಂಡ ಕಟ್ಟಳೆಗಳಲ್ಲಿಯೇ, ಮಗು ಹುಟ್ಟಿದ ಮನೆಯ ಸಂದರ್ಭದಲ್ಲಿ, ಬೇಗಲ್ಲಿನ ಹೆಸರು ಬರುತ್ತದೆ. ಬ್ರೆಡ್ಡಿನ ಹಿಟ್ಟು ಉಬ್ಬಿದ ಮೇಲೆ ನೇರವಾಗಿ ಓವನ್ನಿಗೆ ಹೋಗುತ್ತದೆ. ಬೇಗಲ್ಲನ್ನು ಮಾತ್ರ ಮೊದಲು ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಪಾಕ) ಬೆರೆಸಿದ ಕುದಿನೀರಿನಲ್ಲಿ ಮುಳುಗಿಸಿ ತೆಗೆಯುತ್ತಾರೆ. ಮೇಲ್ಪದರದ ಹಿಟ್ಟು ಆ ನೀರಿನಲ್ಲಿಯೇ ಬೆಂದು ಕಟ್ಟಿಕೊಳ್ಳುವುದರಿಂದ ಓವನ್ನಿನಲ್ಲಿ ಅದು ಹೆಚ್ಚು ಉಬ್ಬಲಾರದೆ, ಹೊರಗೆ ಹೊಳೆಯುವ ಗಟ್ಟಿ ಸಿಪ್ಪೆ, ಒಳಗೆ ಒತ್ತಾದ ತಿರುಳು ಉಳಿಯುತ್ತದೆ. ಹಸಿ ತರಕಾರಿಯ ಬುತ್ತಿಗೆ ಬ್ರೆಡ್ಡಿಗಿಂತ ಇದು ಮೇಲು ಎಂದು ನಾನು ಹೇಳುವುದು ಆ ಸಿಪ್ಪೆಯನ್ನು ನಂಬಿ. ಆದರೆ ಒತ್ತಾದ ತಿರುಳನ್ನು ಹಲ್ಲಿನಿಂದ ಅದುಮಿದಾಗ ಒಳಗಿನ ಹೂರಣವು ಹೊರಬೀಳದೆ ಬೇರೆ ದಾರಿಯಿಲ್ಲ. ನಡುವಿನ ತೂತು ಬೇರೆ ಬಾಯಿ ತೆರೆದು ಕುಳಿತಿರುತ್ತದೆ.

ಆದ್ದರಿಂದ ತಿರುಳನ್ನು ತೋಡಬೇಕು. ಬೇಗಲ್ಲನ್ನು ಹಲಗೆಯ ಮೇಲೆ ಮಲಗಿಸಿ, ಅಂಗೈಯನ್ನು ಮೇಲಿಟ್ಟು, ಹಲ್ಲಿರುವ ಚಾಕುವಿನಿಂದ ಅಡ್ಡಲಾಗಿ ಕೊಯ್ಯಿರಿ. ಕೈಯಲ್ಲಿ ಹಿಡಿದು ಕೊಯ್ಯಲು ಹೋಗಿ ನಮ್ಮ ಯಜಮಾನರು ಅಂಗೈಗೆ ಮೂರು ಹೊಲಿಗೆ ಹಾಕಿಸಿಕೊಂಡರು. ಕೆಳಗಿನ ಹೋಳು ತುಸು ದಪ್ಪವಾಗಿರಲಿ. ಅದರಲ್ಲಿ ತೆಂಗಿನ ಮರದ ಸುತ್ತ ಪಾತಿ ಮಾಡುತ್ತೇವಲ್ಲ, ಹಾಗೆ ಹೆಬ್ಬೆರಳಿನಿಂದ ತಿರುಳನ್ನು ಎತ್ತುತ್ತಾ ಸುತ್ತು ಬನ್ನಿ. ಚಮಚ ಬೇಡ, ಚಮಚಕ್ಕೆ ಸಿಪ್ಪೆ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಅಂಚಿನಲ್ಲಿ ಕಿರುಬೆರಳಿನ ಅರ್ಧದಷ್ಟು ದಪ್ಪ ಉಳಿಯಬೇಕು. ತೆಗೆದ ತಿರುಳಿನಲ್ಲಿ ಒಂದು ಚಿವುಟನ್ನು ಬೆರಳುಗಳ ನಡುವೆ ಹಿಸುಕಿ, ಅಂಟಂಟಾದ ಮೇಲೆ ಗುಂಡಗೆ ಮಾಡಿ, ನಡುವಿನ ತೂತಿಗೆ ಬಿರಡೆಯಂತೆ ಒತ್ತಿರಿ. ಎದುರು ಮನೆಯ ಅಜ್ಜಿಯ ಹೆಬ್ಬೆರಳು ಇದನ್ನು ಅರೆಗಳಿಗೆಯಲ್ಲಿ ಮುಗಿಸುತ್ತಿತ್ತು, ನನಗೆ ವಾರ ಹಿಡಿಯಿತು. ಆಮೇಲೆ ಕೊಯ್ದ ಮುಖವನ್ನು ಮಾತ್ರ ಹೊಂಬಣ್ಣ ಬರುವಂತೆ ಕಾಯಿಸಿ, ತಟ್ಟೆಯ ಮೇಲೆ ಬೋರಲು ಹಾಕದೆ, ಗೋಡೆಗೆ ಒರಗಿಸಿ ನಿಲ್ಲಿಸಿ ಆರಲು ಬಿಡಿ. ಬೋರಲು ಹಾಕಿದರೆ ಅದರ ಹಬೆ ಅದಕ್ಕೇ ಹಿಡಿದು ಮತ್ತೆ ಮೆತ್ತಗಾಗುತ್ತದೆ. ಪೂರ್ತಿ ಆರಿದ ನಂತರ ಪಾತಿಯ ಒಳಗೆಲ್ಲ, ಬಿರಡೆಯ ಮೇಲೂ ಬಿಡದೆ, ಗೋಡೆಗೆ ಸುಣ್ಣ ಬಳಿದಂತೆ ಕ್ರೀಮ್ ಚೀಸ್ ಬಳಿಯಿರಿ. ಅದರ ಜಿಡ್ಡು ನೀರನ್ನು ಒಳಗೆ ಬಿಡುವುದಿಲ್ಲ.

ಹೂರಣದ ವಿಷಯದಲ್ಲಿ ಕೋಸಂಬರಿಯ ನಿಯಮವನ್ನು ತಿರುಗಿಸಿ ಹಾಕಬೇಕು. ಕೋಸಂಬರಿಗೆ ಉಪ್ಪನ್ನು ಕೊನೆಗೆ, ಎಲೆಗೆ ಬಡಿಸುವಾಗ ಹಾಕುತ್ತೇವೆ. ಇಲ್ಲಿ ಮೊದಲೇ ಹಾಕಬೇಕು. ಬೀಜ ತೆಗೆದು ಸಣ್ಣಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಸವರಿ, ಕಾಫಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಬಿಟ್ಟು, ತೆಳುಬಟ್ಟೆಯಲ್ಲಿ ಕಟ್ಟಿ ತೊಟ್ಟು ಬೀಳುವುದು ನಿಲ್ಲುವವರೆಗೆ ಹಿಂಡಿರಿ. ಆ ನೀರು ಮಜ್ಜಿಗೆಗೆ ಹೋಗಲಿ. ಬಟ್ಟೆಯ ಮಾತು ಬಂತೆಂದು ಹೇಳುತ್ತೇನೆ: ಅಡುಗೆಯ ಬಟ್ಟೆಗಳನ್ನು ಘಮಘಮಿಸುವ ಸಾಫ್ಟನರ್ ಹಾಕಿ ಒಗೆಯಬೇಡಿ, ಅವು ನೀರು ಹೀರುವುದನ್ನೇ ಮರೆಯುತ್ತವೆ. ಹಿಂಡಿದ ಸೌತೆಕಾಯಿಗೆ ತುರಿದ ಕ್ಯಾರೆಟ್ಟು, ನೆನೆಸಿ ಬಸಿದ ಹೆಸರುಬೇಳೆ, ಕೊತ್ತಂಬರಿ ಸೊಪ್ಪು, ಹಿಡಿಸುವಷ್ಟೇ ಗಟ್ಟಿ ಮೊಸರು, ಮೇಲೊಂದು ಇಂಗು ಸಾಸಿವೆಯ ಒಗ್ಗರಣೆ. ಟೊಮೇಟೊ ಬೇಕೇಬೇಕೆಂದರೆ ಹೊರಗಿನ ಕಂಡವನ್ನಷ್ಟೇ ಹಾಕಿ, ಒಳಗಿನ ಲೋಳೆ ಸಾರಿಗೆ ಇರಲಿ. ಒರೆಸಿ ಒಣಗಿಸಿದ ಲೆಟಿಸ್ ಎಲೆಯೊಂದನ್ನು ಪಾತಿಗೆ ಹಾಸಿ, ಹೂರಣವನ್ನು ಒತ್ತಿ ತುಂಬಿ, ಮೇಲಿನ ಹೋಳನ್ನು ಮುಚ್ಚಿ, ಬೆಣ್ಣೆಕಾಗದದಲ್ಲಿ ಬಿಗಿಯಾಗಿ ಸುತ್ತಿದ ಮೇಲೆಯೇ ಕಾಗದದ ಸಮೇತ ಎರಡು ತುಂಡು ಮಾಡಿ.

ಕೊಳ್ಳುವಾಗ ಎಳ್ಳು ಅಥವಾ ಗಸಗಸೆ ಹಚ್ಚಿದ್ದನ್ನು ಆರಿಸಿಕೊಳ್ಳಿ. ಮೊಟ್ಟೆ ತಿನ್ನದವರು ಹಳದಿ ಬಣ್ಣದ್ದನ್ನು ವಿಚಾರಿಸಿಯೇ ಕೊಳ್ಳಬೇಕು, ಅದು ಮೊಟ್ಟೆ ಬೆರೆಸಿದ ಜಾತಿ. ತಂದದ್ದನ್ನು ಫ್ರಿಜ್ಜಿನಲ್ಲಿಡುವ ಚಾಳಿಯನ್ನು ಮೊದಲು ಬಿಡಿ. ಅಲ್ಲಿ ಅದು ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತದೆ. ಅಂದೇ ಮುಗಿಯದ್ದನ್ನು ಮೊದಲೇ ಕೊಯ್ದು ಫ್ರೀಜರಿನಲ್ಲಿಟ್ಟರೆ ಕಲ್ಲಿನಂಥದ್ದರೊಡನೆ ಬೆಳಗ್ಗೆ ಗುದ್ದಾಡುವ ಪ್ರಮೇಯವಿರುವುದಿಲ್ಲ.

ತೋಡಿದ ತಿರುಳನ್ನು ಕಸಕ್ಕೆ ಸುರಿಯುವ ಸೊಸೆಯ ಕೈಯನ್ನು ನಾನು ಎರಡು ಬಾರಿ ತಡೆದಿದ್ದೇನೆ. ಅದನ್ನು ತಟ್ಟೆಯಲ್ಲಿ ಹರಡಿ, ಆರುತ್ತಿರುವ ಓವನ್ನಿನಲ್ಲಿ ಇಟ್ಟು ಮರೆತುಬಿಟ್ಟರೆ ಮರುದಿನಕ್ಕೆ ಗರಿಗರಿಯಾಗಿರುತ್ತದೆ. ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಡಬ್ಬಿಗೆ ಹಾಕಿಟ್ಟರೆ ಶನಿವಾರದ ಕಟ್ಲೆಟ್ಟಿಗೆ ಅಂಗಡಿಯ ಪುಡಿ ತರಬೇಕಾಗಿಲ್ಲ.