ಗೊಂಬೆಯ ಪೀಠದಲ್ಲಿ ಒಂದೇ ಆಟಕ್ಕೆ ಜಾಗ

ಗೊಂಬೆ ಹಬ್ಬದ ಏಳನೇ ದಿನ ನಮ್ಮ ಮನೆಯಲ್ಲಿ ಒಬ್ಬ ಹುಡುಗ ಊಟ ಬಿಟ್ಟು ಮಂಚದ ಕೆಳಗೆ ಹೋಗಿ ಮಲಗಿದ್ದ. ಅಮೆರಿಕದಿಂದ ರಜೆಗೆ ಬಂದಿದ್ದ ಅಣ್ಣನ ಮಗ. ಅವನ ಬಳಿ ವಿಡಿಯೊ ಗೇಮಿನ ಮಾರಿಯೊ ಎಂಬ ಪಾತ್ರದ ಗೊಂಬೆಯಿತ್ತು, ಯಂತ್ರಕ್ಕೆ ತಟ್ಟಿದರೆ ಆಟದೊಳಗೆ ಬಂದು, ಆಡಿದ್ದನ್ನು ತನ್ನೊಳಗೇ ನೆನಪಿಟ್ಟುಕೊಳ್ಳುವಂಥದ್ದು. ತಿಂಗಳುಗಟ್ಟಲೆ ಕೂತು ತನ್ನ ಮಾರಿಯೊ ಗೊಂಬೆಗೆ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಆಟದಲ್ಲಿ ಹೊಡೆದಾಟ ಕಲಿಸಿ, ಮೊದಲ ಮಟ್ಟದಿಂದ 50ನೇ ಮಟ್ಟಕ್ಕೆ ತಂದಿದ್ದ. ಅದಕ್ಕಿಂತ ಮೇಲಿನ ಮಟ್ಟ ಆ ಆಟದಲ್ಲಿಲ್ಲ. ಅಂದು ಸಂಜೆ ಎಲ್ಲರೂ ಸೇರಿ ‘ಮಾರಿಯೊ ಪಾರ್ಟಿ 10’ ಎಂಬ ಬೇರೊಂದು ಆಟ ಆಡೋಣವೆಂದು ಕೂತಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಬಂತು. ಹುಡುಗ ಕೈತೊಳೆಯಲು ಹೋಗಿದ್ದ. “ಅತ್ತೆ, ಶುರು ಮಾಡ್ಲಾ ಅಂತ ಕೇಳ್ತಿದೆ ಅಷ್ಟೇ, ಓಕೆ ಕೊಡಿ” ಅಂದಳು ಅವನ ತಂಗಿ. ಕೊಟ್ಟವಳು ನಾನೇ. ಅದು ಕೇಳಿದ್ದು ಗೊಂಬೆಯಲ್ಲಿದ್ದದ್ದನ್ನೆಲ್ಲ ಅಳಿಸಲೇ ಎಂದು.

ಆಮೇಲೆ ಇನ್ನೆರಡು ಮನೆಗಳಲ್ಲಿ ಇದೇ ಅನಾಹುತ ನೋಡಿದೆ. ಹಾಗಾಗಿ ಈ ಲೇಖನ. ಮನೆಯಲ್ಲೊಂದು ಹಳೆಯ ವೀ ಯು ಎಂಬ ಗೇಮ್ ಯಂತ್ರ ಇದ್ದು, ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಇಂಥ ಗೊಂಬೆಗಳನ್ನಿಟ್ಟು ಮಾರಿಯೊ ಪಾರ್ಟಿ ಆಡಿಸಬೇಕೆಂದಿರುವವರಿಗೆ.

ಮೊದಲು, ಏನೇನು ಬೇಕು

ಮಾರಿಯೊ ಪಾರ್ಟಿ 10 ಬಂದದ್ದು 2015ರ ಮಾರ್ಚ್‌ನಲ್ಲಿ, ನಿಂಟೆಂಡೊ ಕಂಪನಿಯ ವೀ ಯು ಯಂತ್ರಕ್ಕೆ ಮಾತ್ರ. ಅದರ ನಂತರ ಬಂದ ಸ್ವಿಚ್ ಎಂಬ ಯಂತ್ರದಲ್ಲಿ ಈ ಡಿಸ್ಕು ಓಡುವುದಿಲ್ಲ, ಹಾಕಲು ಜಾಗವೂ ಇಲ್ಲ. ವೀ ಯು ತಯಾರಿಕೆ 2017ರಲ್ಲೇ ನಿಂತಿತು, ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಹಾಗಾಗಿ ಡಿಸ್ಕೇ ಬೇಕು, ಅದೂ ನಿಮ್ಮ ಯಂತ್ರದ ಪ್ರದೇಶದ್ದೇ. ಅಮೆರಿಕದ ಯಂತ್ರ ಯುರೋಪಿನ ಡಿಸ್ಕನ್ನು ಮುಟ್ಟುವುದಿಲ್ಲ. ಲಂಡನ್ನಿನ ಚಿಕ್ಕಪ್ಪ ಡಿಸ್ಕು, ಡಲ್ಲಾಸ್‌ನ ಮಾವ ಯಂತ್ರ ತಂದುಕೊಟ್ಟರೆ ಎರಡನ್ನೂ ಷೋಕೇಸಿನಲ್ಲಿಡಬಹುದು ಅಷ್ಟೇ. ಗೊಂಬೆಗಳಿಗೆ ಮಾತ್ರ ಈ ಗಡಿ ಇಲ್ಲ, ಯಾವ ದೇಶದಲ್ಲಿ ಕೊಂಡರೂ ನಡೆಯುತ್ತದೆ.

ನಡುವೆ ಪರದೆಯಿರುವ ದೊಡ್ಡ ಗೇಮ್‌ಪ್ಯಾಡ್ ಇಲ್ಲದೆ ಈ ಯಂತ್ರ ಇಟ್ಟಿಗೆಗೆ ಸಮ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ “ಪ್ಯಾಡ್ ಒಂದಿಲ್ಲ, ಮಿಕ್ಕಿದ್ದೆಲ್ಲ ಇದೆ” ಅಂದರೆ ಕೈಮುಗಿದು ಬನ್ನಿ. ಆಡುವವರಿಗೆ ತಲಾ ಒಂದು ವೀ ರಿಮೋಟ್, ಪ್ರತಿ ರಿಮೋಟಿಗೂ ಗೋಡೆ ಗಡಿಯಾರಕ್ಕೆ ಹಾಕುವಂಥ ಎಎ ಸೆಲ್ಲು ಎರಡೆರಡು. ಸೆಲ್ಲು ಹೊಸದೇ ಹಾಕಿ.

ಕರೆಂಟಿನ ವಿಷಯ

ಅಮೆರಿಕದಲ್ಲಿ ಕೊಂಡ ವೀ ಯು ಜೊತೆ ಬರುವ ಅಡಾಪ್ಟರು 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಮೊಬೈಲ್ ಚಾರ್ಜರು, ಲ್ಯಾಪ್‌ಟಾಪ್ ಚಾರ್ಜರು ಎರಡೂ ಕಡೆ ನಡೆಯುವುದನ್ನು ನೋಡಿ ಇದೂ ನಡೆಯುತ್ತದೆಂದುಕೊಳ್ಳುತ್ತಾರೆ. ವಿಮಾನ ನಿಲ್ದಾಣದಲ್ಲಿ ಮಾರುವ ಪಿನ್ ಬದಲಿಸುವ ಆ ಬಿಳಿ ಡಬ್ಬಿ ಪಿನ್ನನ್ನಷ್ಟೇ ಬದಲಿಸುತ್ತದೆ, ವೋಲ್ಟನ್ನಲ್ಲ. ಅದಕ್ಕೆ ಸಿಕ್ಕಿಸಿದ ಅಡಾಪ್ಟರಿನಿಂದ ಎರಡು ನಿಮಿಷದಲ್ಲಿ ಸುಟ್ಟ ವಾಸನೆ ಬಂದದ್ದನ್ನು ನಾನೇ ಮೂಸಿದ್ದೇನೆ. ಯಂತ್ರಕ್ಕೊಂದು, ಗೇಮ್‌ಪ್ಯಾಡಿಗೊಂದು, ಹೀಗೆ ಅಡಾಪ್ಟರು ಎರಡಿವೆ ಎಂಬುದನ್ನೂ ಮರೆಯಬೇಡಿ. ಒಂದನ್ನು ಜೋಪಾನ ಮಾಡಿ ಇನ್ನೊಂದನ್ನು ಸುಟ್ಟವರಿದ್ದಾರೆ.

230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ. ವೀ ಯು ಅಡಾಪ್ಟರು ಕೊಡುವುದು 15 ವೋಲ್ಟ್, 5 ಆಂಪ್, ಅಂದರೆ 75 ವ್ಯಾಟ್. 200 ವ್ಯಾಟಿನದು ತಂದರೆ ಎರಡು ಅಡಾಪ್ಟರನ್ನೂ ಆರಾಮಾಗಿ ಹೊರುತ್ತದೆ. ಕೈಗೆತ್ತಿಕೊಂಡಾಗ ಭಾರ ಇರಬೇಕು. ಹೂವಿನಷ್ಟು ಹಗುರಾಗಿದ್ದರೆ ಬೇಡ.

ಟಿವಿ, ಸೆನ್ಸರ್ ಪಟ್ಟಿ

ಟಿವಿಗೆ ಎಚ್‌ಡಿಎಂಐ ಕೇಬಲ್ಲು ಸಿಕ್ಕಿಸಿ. ಗೇಮ್‌ಪ್ಯಾಡ್ ಯಂತ್ರಕ್ಕೆ ಹೊಂದಿಕೊಳ್ಳದಿದ್ದರೆ ಸಿಂಕ್ ಗುಂಡಿ ಒತ್ತಿ, ಟಿವಿಯಲ್ಲಿ ಮೂಡುವ ಇಸ್ಪೀಟಿನ ನಾಲ್ಕು ಗುರುತುಗಳನ್ನು ಅದೇ ಕ್ರಮದಲ್ಲಿ ಪ್ಯಾಡಿನ ಮೇಲೆ ಒತ್ತಿದರಾಯಿತು. ನಮ್ಮ ದೊಡ್ಡಪ್ಪ ಇಡೀ ಆಟದಲ್ಲಿ ಮೆಚ್ಚಿದ್ದು ಇದೊಂದನ್ನೇ.

ಟಿವಿಯ ಕೆಳಗಿಡುವ ಸೆನ್ಸರ್ ಪಟ್ಟಿಯ ಹೆಸರು ಸುಳ್ಳು, ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ, ನೋಡುವುದು ರಿಮೋಟಿನ ಮೂತಿಯಲ್ಲಿರುವ ಕ್ಯಾಮೆರಾ. ಪಟ್ಟಿ ಕಳೆದುಹೋಗಿದ್ದರೆ ಟಿವಿಯ ಮುಂದೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ರಿಮೋಟು ಗುರಿ ಹಿಡಿಯುತ್ತದೆ. ನಿಜವಾಗಿಯೂ ಹಿಡಿಯುತ್ತದೆ, ಆದರೆ ಕೈ ಬೀಸಿ ಕುಣಿಯುವ ಮಕ್ಕಳ ನಡುವೆ ಆ ಉಪಾಯ ಬೇಡ. ಹಬ್ಬದ ದಿನ ಆಡುವವರು ಇದರ ತಿರುಗುಮುರುಗು ಪೆಟ್ಟನ್ನೂ ತಿಳಿದಿರಬೇಕು: ಟಿವಿಯ ಪಕ್ಕ ನಂದಾದೀಪ ಉರಿಯುತ್ತಿದ್ದರೆ, ಹಳೇ ಕಾಲದ ಬಲ್ಬಿನ ಸರ ಇಳಿಬಿಟ್ಟಿದ್ದರೆ, ರಿಮೋಟು ಅವನ್ನೂ ಪಟ್ಟಿಯೆಂದೇ ತಿಳಿದು ಪರದೆಯ ಮೇಲಿನ ಕೈಗುರುತನ್ನು ಎತ್ತೆತ್ತಲೋ ಓಡಿಸುತ್ತದೆ. ನಮ್ಮಲ್ಲಿ ಗೊಂಬೆ ಮೆಟ್ಟಿಲು ಇದ್ದದ್ದು ಟಿವಿಯ ಎಡಕ್ಕೆ. ಅರ್ಧ ಗಂಟೆ ರಿಮೋಟನ್ನು ಬೈದಮೇಲೆ ದೀಪದ ಮೇಲೆ ಅನುಮಾನ ಬಂತು.

ಈಗ ಗೊಂಬೆ. ನಿಧಾನವಾಗಿ ಓದಿ

ಇವುಗಳ ಹೆಸರು ಅಮೀಬೊ. 2014ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದವು, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಗೊಂಬೆ ಬರೀ ಪ್ಲಾಸ್ಟಿಕ್, ವಿಷಯವಿರುವುದು ಕಾಲ ಕೆಳಗಿನ ದುಂಡು ಪೀಠದಲ್ಲಿ. ಅದರೊಳಗೆ ಸೆಲ್ಲಿಲ್ಲದ ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪು. ಮೆಟ್ರೊ ಕಾರ್ಡನ್ನು ಗೇಟಿಗೆ ಹಿಡಿದಾಗ ಹೇಗೋ, ಹಾಗೆಯೇ ಗೇಮ್‌ಪ್ಯಾಡಿಗೆ ಹಿಡಿದಾಗ ಅದರಿಂದಲೇ ಶಕ್ತಿ ಪಡೆದು ಮಾತಾಡುತ್ತದೆ. ಚಿಪ್ಪಿನ ಒಟ್ಟು ಸಾಮರ್ಥ್ಯ 540 ಬೈಟ್. ಕಂಪ್ಯೂಟರಿನಲ್ಲಿ ಕನ್ನಡದ ಪ್ರತಿ ಅಕ್ಷರಭಾಗಕ್ಕೆ 3 ಬೈಟ್ ಬೇಕು, ಅಂದರೆ ಈ ಪ್ಯಾರಾದ ಮೊದಲೆರಡು ಮೂರು ವಾಕ್ಯ ಬರೆಯುವಷ್ಟರಲ್ಲಿ ಪೀಠ ಭರ್ತಿ.

ಇಷ್ಟು ಕಿರಿದಾದ ಜಾಗದಲ್ಲಿ ಒಂದು ಗೊಂಬೆ ಒಂದು ಸಲಕ್ಕೆ ಒಂದೇ ಆಟದ ನೆನಪನ್ನು ಇಟ್ಟುಕೊಳ್ಳಬಲ್ಲದು. ಎಡವುವುದೆಲ್ಲ ಇಲ್ಲೇ. ಸ್ಮ್ಯಾಶ್ ಆಟದಲ್ಲಿ ಪಳಗಿದ ಮಾರಿಯೊನನ್ನು ಪಾರ್ಟಿಗೆ ಕರೆದರೆ, ಪಳಗಿದ್ದೆಲ್ಲ ಅಳಿಸಿದ ಮೇಲೆಯೇ ಅವನಿಗೆ ಪ್ರವೇಶ. ಅಳಿಸಿದ್ದು ಮತ್ತೆ ಬರುವುದಿಲ್ಲ. ‘ಮಾರಿಯೊ ಕಾರ್ಟ್ 8’ರಂಥ ಕೆಲವು ಆಟಗಳು ಗೊಂಬೆಯ ಗುರುತನ್ನಷ್ಟೇ ನೋಡಿ ಒಂದು ಉಡುಪು ಕೊಟ್ಟು ಕಳಿಸುತ್ತವೆ, ಪೀಠದಲ್ಲಿ ಏನನ್ನೂ ಬರೆಯುವುದಿಲ್ಲ. ಅಂಥ ಆಟಕ್ಕೆ ಯಾವ ಗೊಂಬೆಯನ್ನಾದರೂ ನಿರ್ಭಯವಾಗಿ ಹಿಡಿಯಿರಿ. ಆ ರೂಢಿಯಿಂದಲೇ ಮಕ್ಕಳು ಪಾರ್ಟಿಯಲ್ಲೂ ಧೈರ್ಯವಾಗಿ ಹಿಡಿಯುತ್ತಾರೆ, ಪಾರ್ಟಿ ಮಾತ್ರ ಬರೆಯುವ ಜಾತಿಯದು.

ಹಾಗಾಗಿ ಹಿಂದಿನ ರಾತ್ರಿಯೇ, ಮಕ್ಕಳು ಮಲಗಿದ ಮೇಲಲ್ಲ, ಗೊಂಬೆಯ ಒಡೆಯರು ಎದುರಿಗಿರುವಾಗ ಕೂತುಕೊಳ್ಳಿ. ವೀ ಯು ಸೆಟ್ಟಿಂಗಿನಲ್ಲಿ ಅಮೀಬೊಗೆಂದೇ ಒಂದು ವಿಭಾಗವಿದೆ. ಅಲ್ಲಿ ಒಂದೊಂದೇ ಗೊಂಬೆಯನ್ನು ಹಿಡಿದು ಅದರ ಒಡೆಯರ ಹೆಸರೇನು, ಯಾವ ಆಟದ ನೆನಪಿದೆ ಎಂದು ನೋಡಿ. ನಂತರ ಮೂರು ಗುಂಪು ಮಾಡಿ. ಖಾಲಿ ಇರುವವು ಪಾರ್ಟಿಗೆ. ನೆನಪಿದ್ದೂ ಒಡೆಯರು “ಅಳಿಸಿದರೆ ಪರವಾಗಿಲ್ಲ” ಎಂದು ಬಾಯಿಬಿಟ್ಟು ಹೇಳಿದವು ಪಾರ್ಟಿಗೆ. ಉಳಿದವು ಬೀರುವಿಗೆ, ಕೀಲಿ ನಿಮ್ಮ ಬಳಿ. ಪಾರ್ಟಿಯ ಗೊಂಬೆಗಳ ಪೀಠದ ಅಂಚಿಗೆ ಬಣ್ಣದ ಟೇಪಿನ ಚೂರು ಅಂಟಿಸಿ. ಸಂಗ್ರಹ ಮಾಡುವವರು ಟೇಪೆಂದರೆ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಡಬ್ಬಿ ಒಡೆಯದೆ ಇಟ್ಟುಕೊಳ್ಳುವವರ ಗೊಂಬೆಯನ್ನಂತೂ ಕೇಳಲೇಬೇಡಿ. ಡಬ್ಬಿಯೊಳಗೆ ಪೀಠದ ಕೆಳಗೊಂದು ಲೋಹದ ಹಾಳೆ ಇರುತ್ತದೆ, ಒಡೆಯದೆ ಓದಲಿಕ್ಕೆ ಅದು ಬಿಡುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಗೊಂಬೆಯಾದರೆ ಹಿಂದಿನ ಒಡೆಯರ ಹೆಸರು, ಅಡ್ಡಹೆಸರು ಇನ್ನೂ ಒಳಗಿರುತ್ತದೆ. ಅದೇ ವಿಭಾಗದಲ್ಲಿ ಪೂರ್ತಿ ಒರೆಸಿ ಹಾಕಿ, ಮಗುವಿನ ಹೆಸರಿನಲ್ಲಿ ನೋಂದಾಯಿಸಿ. ಅಡ್ಡಹೆಸರಿಗೆ 10 ಅಕ್ಷರದ ಮಿತಿ, ಕನ್ನಡ ಲಿಪಿ ಇಲ್ಲ. ನಮ್ಮ ಮನೆಯ ಲುಯಿಜಿ ಈಗ ‘ಪುಟ್ಟಣ್ಣ’, ಇಂಗ್ಲಿಷ್ ಅಕ್ಷರದಲ್ಲಿ.

ಯಾವ ಗೊಂಬೆಯಾದರೂ ನಡೆಯುತ್ತದೆಯೇ? ಇಲ್ಲ. ಮಾರಿಯೊ, ಲುಯಿಜಿ, ಪೀಚ್, ಯೋಷಿ, ಟೋಡ್, ರೊಸಲಿನಾ, ವಾರಿಯೊ, ಡಾಂಕಿ ಕಾಂಗ್, ಬೌಸರ್ – ಈ ಒಂಬತ್ತು ಪಾತ್ರಗಳಿಗೆ ಮಾತ್ರ ತಮ್ಮದೇ ಹಾಸು, ಅಂದರೆ ಪರದೆಯ ಮೇಲೆ ಮನೆಯಿಂದ ಮನೆಗೆ ನಡೆಯುವ ಆಟದ ಪಟ, ಇದೆ. ಬೇರೆ ಆಟಗಳ ಪಾತ್ರಗಳಾದ ಲಿಂಕ್, ಪಿಕಾಚುಗಳಿಗೆ ಇಲ್ಲ. ಸ್ಮ್ಯಾಶ್ ಸರಣಿಯ ಮಾರಿಯೊ ಆದರೂ ಸರಿ, ಸೂಪರ್ ಮಾರಿಯೊ ಸರಣಿಯವನಾದರೂ ಸರಿ.

ಎಲ್ಲರಿಗೂ ಗೊಂಬೆ ಕೊಡಿಸಬೇಕೆಂಬ ಹಟ ಬೇಡ. ಒಂದಿದ್ದರೂ ಆಟ ನಡೆಯುತ್ತದೆ, ಗೊಂಬೆಯಿಲ್ಲದವರು ಪರದೆಯ ಮೇಲೆ ರಟ್ಟಿನ ಪಾತ್ರವಾಗಿ ಓಡಾಡುತ್ತಾರೆ. ಆದರೆ ಹತ್ತು ವರ್ಷದೊಳಗಿನ ಇಬ್ಬರಿದ್ದು ಒಬ್ಬರಿಗೆ ಗೊಂಬೆ, ಇನ್ನೊಬ್ಬರಿಗೆ ರಟ್ಟು ಕೊಟ್ಟರೆ ಜಗಳ ಖಾತ್ರಿ. ಮಕ್ಕಳಿಗೆಲ್ಲ ಗೊಂಬೆ, ದೊಡ್ಡವರಿಗೆಲ್ಲ ರಟ್ಟು. ನಮ್ಮಲ್ಲಿ ಇದೇ ಕಾನೂನು.

ಆನ್‌ಲೈನ್‌ನಲ್ಲಿ ಒಂದು ಕಟ್ಟು ಕಾರ್ಡು, ಬಿಲ್ಲೆ ಮಾರುತ್ತಾರೆ, ಇಡೀ ಸಂಗ್ರಹ ಒಂದೇ ಏಟಿಗೆ ಎಂದು. ಅಧಿಕೃತವಲ್ಲದ ನಕಲು. ಕೆಲವು ಓದಿಸಿಕೊಳ್ಳುತ್ತವೆ, ಕೆಲವು ಆಟದ ಮಧ್ಯೆ ಕೈಕೊಡುತ್ತವೆ. ಓದಿಸಿಕೊಂಡರೂ ಗೊಂಬೆಯ ಜಾಗದಲ್ಲಿ ಪಡಿತರ ಚೀಟಿಯಂಥದ್ದನ್ನು ತಟ್ಟುತ್ತ ಕೂರುವ ಸುಖ ಯಾರಿಗೆ ಬೇಕು?

ತಟ್ಟುವುದೂ ಒಂದು ವಿದ್ಯೆ

ಆಟ ಚೌಕಾಬಾರದ ಜಾತಿಯೇ. ಮನೆಯಿಂದ ಮನೆಗೆ ನಡೆ, ನಾಣ್ಯ ಕೂಡಿಡು, ನಕ್ಷತ್ರ ಗಳಿಸು, ನಡುನಡುವೆ ಪುಟ್ಟ ಪಂದ್ಯಗಳು. ಕವಡೆ ಹಾಕುವ ಬದಲು ಗೊಂಬೆಯನ್ನು ಗೇಮ್‌ಪ್ಯಾಡಿಗೆ ತಟ್ಟಿದರೆ ದಾಳ ಬೀಳುತ್ತದೆ. ಎಲ್ಲಿ ತಟ್ಟಬೇಕು? ಪರದೆಯ ಮೇಲಲ್ಲ. ಎಡಗಡೆ, ಬಾಣದ ಗುಂಡಿಗಳ ಕೆಳಗೆ ಒಂದು ಚಿಕ್ಕ ಚೌಕದ ಗುರುತಿದೆ, ಅಲ್ಲಿ. ಮೊದಲ ಸಲ ಆಡುವ ಪ್ರತಿಯೊಬ್ಬರೂ ಪರದೆಗೇ ಕುಟ್ಟುತ್ತಾರೆ, ನಮ್ಮ ಪ್ಯಾಡಿನ ಗೀರುಗಳೇ ಸಾಕ್ಷಿ. ಪೀಠ ಸಪಾಟಾಗಿ ಕೂರಬೇಕು, ಸುತ್ತಿಗೆಯಂತೆ ಬಡಿಯಬೇಕಿಲ್ಲ.

ಬರೆಯುತ್ತಿದೆ ಎಂದು ಪರದೆ ಹೇಳುವಾಗ ಗೊಂಬೆಯನ್ನು ಎತ್ತಬೇಡಿ. ಅರ್ಧ ಬರೆದ ಪೀಠ ಕೆಡುತ್ತದೆ. ಯಂತ್ರದಲ್ಲಿ ಸರಿಪಡಿಸುವ ಆಯ್ಕೆ ಇದ್ದೇ ಇದೆ, ಆದರೆ ಹತ್ತು ಜನ ಕಾಯುತ್ತಿರುವಾಗ ಅದನ್ನು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. “ಒಂದು, ಎರಡು, ಮೂರು” ಎಂದು ಎಣಿಸಿ ಎತ್ತಲು ಚಿಕ್ಕ ಮಕ್ಕಳಿಗೆ ಕಲಿಸಿ. ಪ್ಯಾಡನ್ನು ಸ್ಟೀಲ್ ಟೀಪಾಯಿ, ಸ್ಟೀಲ್ ತಟ್ಟೆಯ ಮೇಲಿಡಬೇಡಿ. ಹತ್ತಿರದ ಲೋಹ ಇಂಥ ಓದುವಿಕೆಗೆ ಅಡ್ಡಿ. ಚಾಪೆಯ ನಡುವೆ ಮಣೆಯ ಮೇಲಿಟ್ಟು ಸುತ್ತ ಕೂತರೆ ಎಲ್ಲರ ಕೈಗೂ ಎಟುಕುತ್ತದೆ. ಕೋಡುಬಳೆ ತಿಂದ ಕೈ ಒರೆಸಿಕೊಂಡ ಮೇಲೆ ಗೊಂಬೆ ಮುಟ್ಟಿ.

ಗೇಮ್‌ಪ್ಯಾಡಿನ ಬ್ಯಾಟರಿ ಹೊಸದಿದ್ದಾಗಲೇ 3ರಿಂದ 5 ಗಂಟೆ ಬರುತ್ತಿತ್ತು, ಈಗ ಅದರ ಅರ್ಧವೆಂದುಕೊಳ್ಳಿ. ತಂತಿ ಸಿಕ್ಕಿಸಿಕೊಂಡೇ ಆಡಿ.

ಯಾವುದರಿಂದ ಶುರು ಮಾಡುವುದು

ಡಿಸ್ಕಿನಲ್ಲಿ ಮೂರು ಬಗೆಯ ಆಟವಿದೆ. ಮೊದಲು ಕಾಣುವ ಮಾರಿಯೊ ಪಾರ್ಟಿಯಲ್ಲಿ ಎಲ್ಲರೂ ಒಂದೇ ಗಾಡಿ ಹತ್ತಿ ಹೋಗುತ್ತಾರೆ. ನನಗೆ ಅದು ಸಪ್ಪೆ. ಟೂರಿಸ್ಟ್ ಬಸ್ಸಿನಲ್ಲಿ ಕೂತಂತೆ, ಯಾರು ಗೆದ್ದರು ಸೋತರು ಎಂಬ ಕಾವೇ ಏರುವುದಿಲ್ಲ. ಅಮೀಬೊ ಪಾರ್ಟಿಯಲ್ಲಿ ಅವರವರ ಗೊಂಬೆ ಅವರವರ ದಾರಿ, ಹಾಗಾಗಿ ಮೊದಲು ಅದನ್ನೇ ಆಡಿಸಿ. ತಟ್ಟಿ ತಟ್ಟಿ ಬೇಸರ ಬಂತೆಂದು ದೊಡ್ಡ ಮಕ್ಕಳು ಗೊಣಗುತ್ತಾರೆ, ಒಂದೆರಡು ಆಟವಾದಮೇಲೆ ಅದೂ ನಿಜವೇ.

ಆಗ ಮೂರನೆಯದಕ್ಕೆ ಹೋಗಿ: ಬೌಸರ್ ಪಾರ್ಟಿ. ನಾಲ್ವರು ರಿಮೋಟು ಹಿಡಿದು ಓಡುತ್ತಾರೆ, ಐದನೆಯವರು ಗೇಮ್‌ಪ್ಯಾಡ್ ಹಿಡಿದು ರಾಕ್ಷಸ ಬೌಸರ್ ಆಗಿ ಅಟ್ಟಿಸಿಕೊಂಡು ಹೋಗಿ ಅವರ ಹೃದಯಗಳನ್ನು ಕಸಿಯಬೇಕು. ಗೇಮ್‌ಪ್ಯಾಡನ್ನು ಮನೆಯ ಹಿರಿಯರ ಕೈಗೆ ಕೊಡಿ. ನಮ್ಮಮ್ಮನಿಗೆ ರಿಮೋಟು ಅಡ್ಡ ಹಿಡಿಯುವುದೋ ಉದ್ದ ಹಿಡಿಯುವುದೋ ಕೊನೆಗೂ ತಿಳಿಯಲಿಲ್ಲ, ಬೌಸರ್ ಆಗಿ ಮಾತ್ರ ನಾಲ್ಕು ಮೊಮ್ಮಕ್ಕಳನ್ನೂ ಎರಡು ಸಲ ಮುಗಿಸಿದರು. ಮಂಚದ ಕೆಳಗಿದ್ದ ಹುಡುಗ ಹೊರಬಂದದ್ದು ಆ ಗದ್ದಲಕ್ಕೇ. ಬಂದವನು ನನ್ನ ಕಡೆ ನೋಡದೆ, “ಅಜ್ಜಿ, ನೆಕ್ಸ್ಟ್ ನಾನು” ಎಂದ.

ಆಟ ಮುಗಿದ ಮೇಲೆ ಟೇಪು ಅಂಟಿಸಿದ ಗೊಂಬೆಗಳನ್ನು ಒಡೆಯರಿಗೆ ಎಣಿಸಿ ಕೊಡಿ. ಟ್ರಾನ್ಸ್‌ಫಾರ್ಮರಿನ ಸ್ವಿಚ್ಚು ಗೋಡೆಯಲ್ಲೇ ಆರಿಸಿ. ಮುಂದಿನ ಹಬ್ಬದ ತನಕ ಎತ್ತಿಡುವುದಾದರೆ ರಿಮೋಟಿನ ಸೆಲ್ಲು ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತದೆ.